ದೊಡ್ಡಮ್ಮನಿಗೆ ಘಾಟಿ ಬಸ್ಸು ಒಗ್ಗದು

ನಮ್ಮ ದೊಡ್ಡಪ್ಪ ಕಂಪ್ಯೂಟರ್ ಮುಂದೆ ಕೂತರೆ ಪಕ್ಕದವರು ಎದ್ದು ಬೇರೆ ಕುರ್ಚಿ ಹುಡುಕುತ್ತಿದ್ದರು. ಸೇಲಂ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಗುಂಡಿಗಳನ್ನು ಒತ್ತುತ್ತಿರಲಿಲ್ಲ, ಬಡಿಯುತ್ತಿದ್ದರು. ಸಾಲು ಮುಗಿಯಿತೆಂದರೆ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನ ಇಲ್ಲದ ಹಿಡಿಯನ್ನು ಬಲಕ್ಕೆ ತಳ್ಳುತ್ತಿತ್ತು.

"ಸಾರ್, ಮೆದುವಾ! ಕೀಬೋರ್ಡ್ ಒಡೆಂಜಿಡುಂ" ಎಂದು ಬ್ರೌಸಿಂಗ್ ಸೆಂಟರಿನ ಮಾಲೀಕ ತಮಿಳಿನಲ್ಲಿ ಕೂಗುತ್ತಿದ್ದ.

"ಕೋರ್ಟ್ ಮಿಷಿನ್ನೇ ಒಡೀಲಿಲ್ಲ, ಓಗಯ್ಯ" ಎನ್ನುತ್ತಿದ್ದರು ಇವರು.

ಅದು ತೊಂಬತ್ತರ ದಶಕದ ಕೊನೆ. ದೊಡ್ಡಮ್ಮ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಿದ್ದ ದೊಡ್ಡಪ್ಪ ಮಾತನ್ನೇ ಬಿಟ್ಟಿದ್ದರು. ಊಟಕ್ಕೆ ಕರೆದರೆ ಬರುವುದು, ತಟ್ಟೆ ನೋಡಿ ಏಳುವುದು. ಡಾಕ್ಟರು ಮನಸ್ಸಿನ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಆಗದ್ದು ಕೋರ್ಟಿನ ಹಳೆಯ ಗೆಳೆಯರೊಬ್ಬರು ತೋರಿಸಿಕೊಟ್ಟ ಗುಂಪಿನಿಂದ ಆಯಿತು. ಅದರಲ್ಲಿದ್ದವರೆಲ್ಲ ಒಂಟಿಯಾದ ಮುದುಕ ಮುದುಕಿಯರು. ಬೇರೆ ಬೇರೆ ಊರುಗಳಲ್ಲಿ ಕೂತು, ಇಂಗ್ಲಿಷ್ ಅಕ್ಷರದಲ್ಲಿ ತಮಿಳು, ಕನ್ನಡ ಎಲ್ಲ ಬೆರೆಸಿ ಪರದೆಯ ಮೇಲೆ ಹರಟುವವರು. ಸಂಜೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಅವರೊಡನೆ ಹರಟಿಬಂದ ದಿನ ದೊಡ್ಡಪ್ಪ ಅನ್ನ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಅಪ್ಪ ಅಮ್ಮನಿಗೆ ಅಷ್ಟೇ ಸಾಕಿತ್ತು. ನನಗೆ ಸಾಲಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಆಧಾರ ಕೇಳುವುದನ್ನು. ಮುಖ ಕಾಣದವರು ದಿನಾ "ಊಟ ಆಯ್ತಾ" ಎಂದು ಕೇಳುತ್ತಾರೆಂದರೆ ಅವರಿಗೆ ನಮ್ಮಿಂದ ಆಗಬೇಕಾದದ್ದೇನು? ಗುಂಪಿನ ಯಜಮಾನಿಕೆ ಯಾರೋ ರಾಜಮ್ಮನದು. ಕೊಯಮತ್ತೂರಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಅಂತೆ.

"ಆ ರಾಜಮ್ಮ ಹೆಂಗಸೇ ಅನ್ನೋಕೆ ಏನು ಆಧಾರ, ದೊಡ್ಡಪ್ಪ?"

"ನೀನು ಮನುಸ್ಯ ಅನ್ನಾಕೆ ಏನ್ಲಾ ಐತೆ ಆಧಾರ? ಸುಮ್ಕಿರು."

ಸುಮ್ಮನಿರದೆ ಒಂದು ಸಂಜೆ ಅವರ ಬೆನ್ನ ಹಿಂದೆ ನಿಂತು ಓದಿದೆ. ಮೋಸ ಸಿಕ್ಕಿತು. ಮಾಡುತ್ತಿದ್ದವರು ದೊಡ್ಡಪ್ಪ. 'ನಮ್ಮವಳು ಇವತ್ತೂ ಸಾರಿಗೆ ಉಪ್ಪು ಜಾಸ್ತಿ ಹಾಕಿದಾಳೆ. ಹೇಳಿದರೆ ಸಿಟ್ಟಿಗೆ ಊಟ ಬಿಡ್ತಾಳೆ. ಮೊದಲೇ ಎರಡು ತುತ್ತು ತಿನ್ನೋಳು.'

ದಾರಿಯಲ್ಲಿ ಹಿಡಿದುಕೊಂಡೆ. "ಇದು ಸುಳ್ಳಲ್ವಾ?"

ಹೆಜ್ಜೆ ಬಿರುಸು ಮಾಡಿದರು. ಆಮೇಲೆ, "ಇಲ್ಲಿ ಸತ್ತೋದ್ಲು, ಬುಡು. ಅಲ್ಲೂ ನಾನೇ ಸಾಯಿಸ್ಬೇಕಾ?" ಎಂದರು.

ಹೆಂಡತಿ ಇರುವವನು ದಿನಾ ಒಂಟಿಗಳ ಗುಂಪಿಗೆ ಯಾಕೆ ಬರುತ್ತಾನೆಂದು ಅಲ್ಲಿ ಒಬ್ಬರಿಗೂ ಅನುಮಾನ ಬಂದಿಲ್ಲವೆ? ಈ ಪ್ರಶ್ನೆ ನನ್ನ ಬಾಯಿತನಕ ಬಂತು.

ಅಷ್ಟರಲ್ಲಿ ರಾಜಮ್ಮ ಬರೆದರು: ಎಲ್ಲರೂ ಒಂದು ದಿನ ಏರ್ಕಾಡು ಬೆಟ್ಟದ ಮೇಲೆ ಸೇರೋಣ, ಮನೆಯವರಿದ್ದರೆ ಕರೆತನ್ನಿ. ದೊಡ್ಡಪ್ಪ ಮತ್ತೆ ತಟ್ಟೆ ನೋಡಿ ಏಳತೊಡಗಿದರು. ಸುಳ್ಳು ಬಯಲಾದರೆ ಗುಂಪಿಗೆ ಮುಖ ತೋರಿಸುವಂತಿಲ್ಲ. ಗುಂಪು ಹೋದರೆ ಇವರು ಮೊದಲಿನಂತೆಯೇ.

"ಹೋಗಲೇಬೇಡಿ" ಎಂದೆ.

"ಓಗ್ದಿದ್ರೆ ಅವ್ಳಿಗೇನೋ ಆಗೈತೆ ಅನ್ಕೋತಾರೆ ಕಣ್ಲಾ."

ಕಾವಲಿಗೆಂದು ನಾನೂ ಬಸ್ಸು ಹತ್ತಿದೆ. ಕೆರೆಯ ಪಕ್ಕದ ಬೆಂಚುಗಳ ಮೇಲೆ ಸ್ವೆಟರು, ಮಫ್ಲರುಗಳಲ್ಲಿ ಅವರೆಲ್ಲ ಕೂತಿದ್ದರು. ರಾಜಮ್ಮ ಹೆಂಗಸೇ, ಹೆಡ್‌ಮಿಸ್ಟ್ರೆಸ್ಸೇ. ನನ್ನನ್ನು ಕಂಡದ್ದೇ "ನೆಟ್ಟಗೆ ನಿಂತ್ಕೊ" ಎಂದರು. ಆಮೇಲೆ ದೊಡ್ಡಪ್ಪನ ಹಿಂದೆ ಕಣ್ಣಾಡಿಸಿದರು.

"ಎಲ್ಲಿ ಸಾರ್ ಅಕ್ಕ?"

"ಗಾಟಿ ಬಸ್ಸು ಒಗ್ಗಲ್ಲ ಅವ್ಳಿಗೆ. ತಲೆಸುತ್ತು."

ರಾಜಮ್ಮ ದೊಡ್ಡಪ್ಪನ ಮುಖವನ್ನೇ ನೋಡಿದರು. "ಹೌದೌದು, ನಂಗೇ ಹೊಟ್ಟೆ ತೊಳಸ್ತು" ಎಂದರು.

ಹೊರಡುವಾಗ ರಾಜಮ್ಮ ದೊಡ್ಡಪ್ಪನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟು, "ಪುಳಿಯೋಗರೆ ಐತೆ. ನೀವೂ ಅಕ್ಕನೂ ಇಬ್ರೂ ತಿನ್ನಿ" ಎಂದರು.

ಬಸ್ಸಿನಲ್ಲಿ ಮುಚ್ಚಳ ತೆಗೆದು ನೋಡಿದೆ. ಒಬ್ಬರಿಗೆ ಆಗುವಷ್ಟೇ ಇತ್ತು.

"ಅವರಿಗೆ ಗೊತ್ತಾಗಿದೆ, ದೊಡ್ಡಪ್ಪ."

ದೊಡ್ಡಪ್ಪ ಡಬ್ಬಿ ಕಿತ್ತುಕೊಂಡು ಮುಚ್ಚಿದರು. "ಎರಡು ತುತ್ತು ತಿಂತಾಳೆ ಅಂತ ಬರ್ದಿದ್ನಲ್ಲ!"

ಮನೆಗೆ ಬಂದು ಒಂದಗುಳೂ ಬಿಡದೆ ತಿಂದರು. ಮರುದಿನ ಸಂಜೆ ಬ್ರೌಸಿಂಗ್ ಸೆಂಟರಿನಲ್ಲಿ ಮತ್ತೆ ಬಡಿತ ಕೇಳಿಸಿತು.

ದೊಡ್ಡಪ್ಪ ಹೋದದ್ದು ಅದರ ಮುಂದಿನ ಬೇಸಿಗೆಯಲ್ಲಿ, ನಿದ್ದೆಯಲ್ಲೇ. ಗುಂಪಿಗೆ ತಿಳಿಸಲು ನಾನೇ ಹೋಗಿ ಆ ಕುರ್ಚಿಯಲ್ಲಿ ಕೂತೆ. ಸುದ್ದಿ ಬರೆದು ಕಾದೆ. ಆಮೇಲೆ ರಾಜಮ್ಮನ ಒಂದು ಸಾಲು ಬಂತು: 'ಅಕ್ಕ ಊಟ ಮಾಡಿದ್ರಾ?'

ಗೊತ್ತಿದ್ದು ಕೇಳಿದರೋ, ನಂಬಿ ಕೇಳಿದರೋ? ನನಗೆ ಇವತ್ತಿಗೂ ಅನುಮಾನ.

'ಎರಡು ತುತ್ತು' ಎಂದು ಟೈಪ್ ಮಾಡಿದೆ.