ಅಕ್ಕ ಅಗೆಯದೆ ಬಿಟ್ಟ ನೆಲ

"ನಾನೇ ಹೇಳಿದ್ದು ಅಮ್ಮ, ಬೇರೆ ಯಾರೂ ಅಲ್ಲ. ಭಾವ ಹಿತ್ತಲ ಕೊನೇಲಿ ಮರಗೆಲಸಕ್ಕೆ ಶೆಡ್ಡು ಹಾಕಿದ್ರಲ್ಲ, ಅಲ್ಲಿಗೆ ಮನೆಯಿಂದ ಕರೆಂಟು ಬೇಕು ಅಂದ್ರು. ಗೋಡೆ ಗುಂಟ ಎಳೆದಿದ್ರೆ ಹನ್ನೆರಡು ಮೀಟರ್ ಜಾಸ್ತಿ, ಇನ್ನೊಂದು ದಿನ ಅಗೀಬೇಕಿತ್ತು. ನಾನು ದೊಡ್ಡ ಬುದ್ಧಿವಂತ ಅಲ್ವಾ, ಹಿತ್ತಲ ನಟ್ಟನಡುವೆ ಓರೆಯಾಗಿ ಎಳೆದುಬಿಟ್ಟೆ. ಕೆಲಸದಲ್ಲಿ ಮೋಸ ಮಾಡ್ಲಿಲ್ಲ. ನೆಲದಡಿ ಹಾಕೋ ದಪ್ಪ ಕೇಬಲ್ಲೇ ತಂದೆ, ಮೊಣಕಾಲುದ್ದ ಕಾಲುವೆ ತೋಡಿದೆ, ಮರಳು ಹಾಸಿದೆ, ಮೇಲೆ ಇಟ್ಟಿಗೆ ಸಾಲು ಜೋಡಿಸಿ ಮಣ್ಣು ಮುಚ್ಚಿದೆ. ಆಮೇಲೆ ಅಕ್ಕನ್ನ ಕರೆದು ನಿಲ್ಲಿಸಿ, 'ನೋಡು, ಈ ಪಟ್ಟಿ ಮೇಲೆ ಗುದ್ದಲಿ ಇಟ್ಟೀಯ, ಜೋಕೆ! ಸುಟ್ಟು ಕರಕಲಾಗ್ತೀಯ' ಅಂದೆ. ನನ್ನ ಬೆನ್ನುಜ್ಜಿ ಬೆಳೆಸಿದವಳಿಗೆ ಬೆರಳು ತೋರಿಸಿ ಹೇಳ್ದೆ. ಅವಳು ನಿಂಬೆ ಗಿಡ ನೆಡೋಕೆ ಅಲ್ಲೇ ಕಡ್ಡಿ ನೆಟ್ಟು ಗುರುತು ಮಾಡ್ಕೊಂಡಿದ್ಲು. ಇಡೀ ಹಿತ್ತಲಲ್ಲಿ ಬಿಸಿಲು ಬೀಳೋದು ಅಲ್ಲೊಂದೇ ಕಡೆ. 'ಆಯ್ತು ಬಿಡಪ್ಪ, ನೀನು ಹೇಳಿದ ಮೇಲೆ ಮುಗೀತು' ಅಂತ ಕಡ್ಡಿ ಕಿತ್ಕೊಂಡು ಹೋದ್ಲು."

ನನ್ನ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಇದನ್ನು ಹೇಳಿದವನು ನಮ್ಮ ಬೀದಿಯ ವೈರ್‌ಮನ್. ಅಂಗಿ ಬದಲಾದರೂ ಜೇಬಿನ ಟೆಸ್ಟರ್ ಬದಲಾಗದು, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಟೆಸ್ಟರ್. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದವರನ್ನು ದೊಡ್ಡವರು ಚಿಕ್ಕವರು ಎಂದು ನೋಡದೆ ಗದರುತ್ತಾನೆ. ಮೂವತ್ತೈದು ವರ್ಷದಲ್ಲಿ ಅವನು ವೈರು ಎಳೆದ ಮನೆಯಲ್ಲಿ ಒಬ್ಬರಿಗೂ ಶಾಕ್ ಹೊಡೆದಿಲ್ಲ.

ಅವನಕ್ಕ ನನ್ನ ಪಕ್ಕದ ಮನೆಯವಳು. ತಾಯಿ ತೀರಿದಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬೆಳೆಸಿದಳು. ನೋಡಲು ಬಂದ ಗಂಡಿಗೆ, "ನಾನು ಬಂದರೆ ಇವನೂ ಬರ್ತಾನೆ" ಎಂದು ಮುಖ ನೋಡಿಯೇ ಹೇಳಿದಳಂತೆ. ಆ ಗಂಡು ಒಪ್ಪಿದ. ಅವನೇ ಬಡಗಿ ಭಾವ.

ಕೇಬಲ್ ಹಾಕಿ ಹತ್ತು ವರ್ಷಕ್ಕೆ ಭಾವನ ಕೈ ನಡುಗತೊಡಗಿತು. ಮರ ಹೆರೆಯುವ ಯಂತ್ರ ಮಾರಿದರು, ಶೆಡ್ಡಿಗೆ ಬೀಗ ಬಿತ್ತು. ಅವತ್ತೇ ಟೆಸ್ಟರ್ ಬಂದು ಮನೆಯ ಮೇನ್ ಬೋರ್ಡಿನಲ್ಲಿ ಶೆಡ್ಡಿನ ಲೈನ್ ಬಿಚ್ಚಿ, ತುದಿಗೆ ಟೇಪು ಸುತ್ತಿ, "ಭಾವ, ಇನ್ನು ಇದು ಸತ್ತ ಹಾವು" ಎಂದ. ಅಕ್ಕ ಆಗ ಅಂಗಡಿಗೆ ಹೋಗಿದ್ದಳು. ಭಾವ ಹೇಳಿರುತ್ತಾನೆ ಎಂದು ಇವನು, ಇವನು ಹೇಳುತ್ತಾನೆ ಎಂದು ಭಾವ; ಕೊನೆಗೆ ಅವಳಿಗೆ ಯಾರೂ ಹೇಳಲಿಲ್ಲ. ಮರುವರ್ಷ ಭಾವ ಹೋಗಿಬಿಟ್ಟ.

ಆಮೇಲೂ ಅವಳು ಆ ಪಟ್ಟಿಯನ್ನು ಮುಟ್ಟಲಿಲ್ಲ. ಸುತ್ತ ಬದನೆ, ಸೊಪ್ಪು ಎಲ್ಲ ಬೆಳೆದಳು; ನಡುವೆ ಬೈತಲೆಯಂತೆ ಬೋಳು ನೆಲ. ನಿಂಬೆಹಣ್ಣು ಬೇಕಾದಾಗ ನನ್ನ ಬಾಗಿಲಿಗೇ ಬರುತ್ತಿದ್ದಳು. ನಿನ್ನ ಹಿತ್ತಲಲ್ಲೊಂದು ಗಿಡ ಯಾಕಿಲ್ಲ ಎಂದು ನಾನೂ ಒಂದು ದಿನ ಕೇಳಲಿಲ್ಲ.

ಈ ಬೆಳಿಗ್ಗೆ ಟೆಸ್ಟರ್ ಅಕ್ಕನ ಮನೆಯ ಬಚ್ಚಲ ಸ್ವಿಚ್ ಸರಿಮಾಡಲು ಹೋದಾಗ ಅವಳು ಆ ಪಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಬೆರಳ ತುದಿಯಲ್ಲಿ ಕಳೆ ಕೀಳುತ್ತಿದ್ದಳು.

"ಕುಡುಗೋಲಾದ್ರೂ ತಗೋಬಾರ್ದಾ ಅಕ್ಕ?"

"ಚೆನ್ನಾಗಿ ಹೇಳ್ತೀಯ! ಕರಕಲಾಗಲಾ?"

ಅವಳಿಗೆ ಇನ್ನೂ ಗೊತ್ತಿಲ್ಲವೆಂದು ಅವನಿಗೆ ಆಗಲೇ ತಿಳಿದದ್ದಂತೆ. ಸ್ವಿಚ್ ಸರಿಮಾಡಿ ನೇರ ನನ್ನ ಮೆಟ್ಟಿಲಿಗೆ ಬಂದಿದ್ದ.

"ಈಗ ಹೇಗೆ ಹೇಳ್ಲಿ ಅಮ್ಮ?"

"ಅವತ್ತು ಹೇಗೆ ಹೇಳಿದೆಯೋ ಹಾಗೇ. ಬೆರಳು ಮಾತ್ರ ತೋರಿಸಬೇಡ. ನಡಿ, ನಾನೂ ಬರ್ತೀನಿ."

ಅಕ್ಕ ಒಗೆದ ಬಟ್ಟೆಯನ್ನು ಹಗ್ಗದಿಂದ ತೆಗೆಯುತ್ತಿದ್ದಳು. ಅವನು ತಲೆ ತಗ್ಗಿಸಿ ಎಲ್ಲ ಹೇಳಿದ.

"ಒಂಬತ್ತು ವರ್ಷದಿಂದ ಕರೆಂಟೇ ಇಲ್ವಾ?"

"ಇಲ್ಲ."

"ನಿಮ್ಮ ಭಾವಂಗೂ ಗೊತ್ತಿತ್ತಾ?"

"ಹೂಂ."

"ಒಳ್ಳೆ ಜೋಡಿ ಬಿಡು, ಭಾವ ಭಾವಮೈದ." ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

"ಇವತ್ತೇ ಅಗೆದು ತೆಗೀತೀನಿ ಅಕ್ಕ. ಗುಂಡಿ ನಾನೇ ತೋಡ್ತೀನಿ. ಸಸಿ ತಂದು ನೆಟ್ಟೇ ಮನೆಗೆ ಹೋಗೋದು."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬುಟ್ಟಿಗೆ ಹಾಕಿದಳು.

"ಸಸಿ ಕಾಯಿ ಬಿಡೋಕೆ ನಾಲ್ಕು ವರ್ಷ ಬೇಕು ಕಣೋ. ನನ್ನ ಮಂಡಿ ನೋಡಿದ್ಯಾ? ದಿನಾ ನೀರು ಹೊರೋದು ಯಾರು? ಅವತ್ತು ಆಸೆ ಇತ್ತು. ಈಗ ಆ ಆಸೆ ಎಲ್ಲಿಟ್ಟೆ ಅಂತ ನನಗೇ ನೆನಪಿಲ್ಲ."

"ಬೈದುಬಿಡು ಅಕ್ಕ."

"ಬೈಯೋದೇನು ಬಂತು. ಹೆದರಿ ಬಿಟ್ಟಿದ್ದಲ್ಲ ನಾನು. ನನ್ನ ತಮ್ಮ ಕೆಲಸ ಕಲಿತವನು, ಅವನ ಮಾತು ಅಂತ ಬಿಟ್ಟಿದ್ದು. ಅವನಂಥ ಕೆಲಸಗಾರ ಇಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ."

ಟೆಸ್ಟರ್ ಮುಖ ಆ ಕಡೆ ತಿರುಗಿಸಿದ. ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು, ಅವಳಿಗೂ ಕಂಡಿರಬೇಕು.

"ಸುಮ್ನೆ ಯಾಕೆ ನಿಂತೆ, ಈ ತುದಿ ಹಿಡಿ" ಎಂದು ಹಾಸಿಗೆಯ ಹೊದಿಕೆಯ ಎರಡು ಮೂಲೆಗಳನ್ನು ಅವನ ಕೈಗಿಟ್ಟಳು. ಇಬ್ಬರೂ ಹಿಂದೆ ಸರಿದು ಎಳೆದರು, ಕೊಡವಿದರು, ಮಡಿಚಿ ಹತ್ತಿರ ಬಂದರು. ಅವನ ಕೈಯಿಂದ ಮೂಲೆ ಬಿಡಿಸಿಕೊಂಡು ಅಕ್ಕ ಅದನ್ನು ಬುಟ್ಟಿಗೆ ಹಾಕಿದಳು, ಹಗ್ಗದಿಂದ ಇನ್ನೊಂದನ್ನು ಎಳೆದಳು.