ಒಲೆ ಸಾಬರು ಮತ್ತು ಹಿಂದಿನ ಬರ್ನರ್

ಅವರ ಬಲಗಣ್ಣಿನ ಹುಬ್ಬು ಅರ್ಧಕ್ಕೇ ನಿಂತುಹೋಗಿತ್ತು. ಉಳಿದರ್ಧ ಯಾವುದೋ ಹೋಟೆಲಿನ ಒಲೆ ಭಗ್ಗೆಂದಾಗ ಸುಟ್ಟು, ಮತ್ತೆ ಬೆಳೆದಿರಲಿಲ್ಲ. ಯಾರಾದರೂ ಕೇಳಿದರೆ, "ಕೆಲಸ ಕಲಿತ ಸರ್ಟಿಫಿಕೇಟು ರೀ ಇದು, ಮುಖದ ಮ್ಯಾಲೇ ಬರ್ದಾರ" ಎಂದು ನಗುತ್ತಿದ್ದರು. ಶಿಕಾರಿಪುರದವರು. ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದುದರಿಂದ ಆನವಟ್ಟಿ, ಸೊರಬದ ಕಡೆ ಎಲ್ಲರಿಗೂ ಅವರು ಒಲೆ ಸಾಬರು. ನಾನೂ ಹಾಗೇ ಕರೆಯುತ್ತಿದ್ದೆ.

ಆನವಟ್ಟಿಯಲ್ಲಿ ನನ್ನದೊಂದು ಬೇಕರಿ ಇತ್ತು. ಸೌದೆಯ ಭಟ್ಟಿ ತೆಗೆಸಿ ಗ್ಯಾಸ್ ಓವನ್ ಹಾಕಿಸಿದ ಮೇಲೆ ನಮ್ಮ ಒಡನಾಟ ಬೆಳೆಯಿತು. ಫೋನ್ ಮಾಡಿದರೆ ಮರುದಿನ ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿಳಿಯುತ್ತಿದ್ದರು. ಬಂದವರು ಮೊದಲು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. "ನಿನ್ನೆ ಬನ್ನು ಉಳಿದಾವೇನ್ರಿ?" ಎನ್ನುತ್ತಿದ್ದರು. ಬನ್ನನ್ನು ತೆಳ್ಳಗೆ ಕೊಯ್ದು, ಟ್ರೇ ತುಂಬ ಸಾಲಾಗಿ ಜೋಡಿಸಿ, ಓವನ್ನಿನೊಳಗಿಟ್ಟು ಕುಳಿತುಬಿಡುತ್ತಿದ್ದರು. ಹೊರತೆಗೆದ ಮೇಲೆ ಯಾವ ಚೂರು ಕೆಂಪಾಗಿದೆ, ಯಾವುದು ಬೆಳ್ಳಗೇ ಉಳಿದಿದೆ ಎಂದು ನೋಡುತ್ತಿದ್ದರು. "ಕಾಯಿಲೆ ಎಲ್ಲೈತಿ ಅಂತ ಒಲೀನೇ ಹೇಳ್ತೈತಿ, ನಾವು ಕೇಳಬೇಕಷ್ಟೆ." ಆಮೇಲೆ ಆ ಚೂರುಗಳನ್ನು ಚಹಾದಲ್ಲಿ ಅದ್ದಿ ತಿನ್ನುವವರೂ ಅವರೇ.

ಒಮ್ಮೆ ನಾಲ್ಕು ದಿನ ಅಂಗಡಿ ಮುಚ್ಚಿ ತೆರೆದರೆ ಬರ್ನರ್ ಹತ್ತಲೇ ಇಲ್ಲ. ಕೊಳವೆಯಲ್ಲಿ ಜೇಡ ಬಲೆ ಕಟ್ಟಿತ್ತು. ಸಾಬರು ಆ ಜೇಡವನ್ನು ಕಾಗದದ ಮೇಲೆ ಏರಿಸಿಕೊಂಡು ಹಿತ್ತಲಿಗೆ ಬಿಟ್ಟು ಬಂದು, "ಮನೆ ಕಟ್ಟಿದ್ದಕ್ಕ ಬೈಯಾಕಾಗ್ತದೇನ್ರಿ ಪಾಪ" ಎಂದಿದ್ದರು.

ಗ್ಯಾಸು ಹೊರಬರುವ ಹಿತ್ತಾಳೆಯ ಪುಟ್ಟ ಬಿಡಿಭಾಗಕ್ಕೆ ಜೆಟ್ ಎನ್ನುತ್ತಾರೆ. ಅದರ ತೂತು ಕೂದಲೆಳೆಯಷ್ಟು. ಅದು ಕಟ್ಟಿಕೊಂಡರೆ ಬಿಚ್ಚಿ, ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಬಾಯಿಂದ ಊದಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಪ್ರತಿ ಸಲವೂ ಎಚ್ಚರಿಸುತ್ತಿದ್ದರು: "ಸಾವ್ಕಾರ್ರೇ, ಏನರೆ ಮಾಡ್ರಿ, ಇದಕ್ಕ ಸೂಜಿ ಮಾತ್ರ ಹಾಕಬ್ಯಾಡ್ರಿ. ಹಿತ್ತಾಳಿ ಮೆತ್ತಗ. ತೂತು ಅಗಲ ಆತಂದ್ರ ಉರಿ ಹಳದಿ ಆಗಿ ಮಸಿ ಕಾರ್ತೈತಿ."

ಮದುವೆಯೊಂದಕ್ಕೆ ಕೇಕು ಮಾಡಿಕೊಡಬೇಕಿದ್ದ ದಿನ ಬೆಳಿಗ್ಗೆ ಹಿಂದಿನ ಬರ್ನರ್ ಮಂಕಾಯಿತು. ಅವರು ಓವನ್ ಸರಿಮಾಡಿ ಹೋಗಿ ಒಂದು ವಾರವಾಗಿತ್ತಷ್ಟೆ. ಫೋನ್ ಮಾಡಿದೆ. "ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ. ಅಲ್ಲೀತನ ಮುಂದಿನ ಬರ್ನರ್‌ನಾಗ ನಿಧಾನ ಬೇಯಿಸ್ರಿ" ಎಂದರು. ನನಗೆ ಆ ತಾಳ್ಮೆ ಇರಲಿಲ್ಲ. ಹೆಂಡತಿಯ ಹೊಲಿಗೆ ಸೂಜಿ ತಂದು ಜೆಟ್ಟಿನೊಳಗೆ ತಿರುವಿದೆ. ಉರಿ ಎತ್ತರಕ್ಕೆ ಎದ್ದಿತು, ಹಳದಿಯಾಗಿ. ಎದ್ದಿತಲ್ಲ ಎಂದು ಖುಷಿಯಿಂದ ಟ್ರೇಗಳನ್ನು ಇಟ್ಟೆ. ಕೇಕಿನ ಮೇಲೆಲ್ಲ ಮಸಿ. ಬಾಯಿಗಿಟ್ಟರೆ ಹೊಗೆಯ ವಾಸನೆ.

ಮದುವೆ ಮನೆಯವರು ಬಂದು, "ಇದೆಂತ ಮಾರಾಯ್ರೆ, ನೆಂಟರಿಗೆ ಇದ್ದಿಲು ಹಂಚೋದಾ ನಾವು?" ಎಂದು ಹರಿಹಾಯ್ದರು. ಅಂಗಡಿ ತುಂಬ ಜನರಿದ್ದರು.

"ನಾನೆಂತ ಮಾಡ್ಲಿ? ಆ ಶಿಕಾರಿಪುರದ ಸಾಬ್ರು ಹೋದ ವಾರ ಬಿಚ್ಚಿ ಹಾಳುಮಾಡಿ ಹೋಗಿದಾರೆ" ಎಂದುಬಿಟ್ಟೆ.

ಸಂಜೆಯೊಳಗೆ ಆ ಮಾತು ಬಸ್‌ಸ್ಟ್ಯಾಂಡಿನ ಹೋಟೆಲಿಗೆ, ಅಲ್ಲಿಂದ ಸೊರಬಕ್ಕೆ ಹೋಯಿತು. ಸಾಬರ ಮೇಲಿನ ದೂರನ್ನು ಜನ ಅಷ್ಟು ಬೇಗ ಏಕೆ ನಂಬಿದರು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹೇಳಿದ್ದೆ.

ಮರುದಿನ ಅವರು ಬಂದಾಗ ಬನ್ನು ಕೇಳಲಿಲ್ಲ. ಉರಿಯ ಬಣ್ಣ ನೋಡಿದವರೇ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಸೂಜಿ ಹಾಕಿದ್ರೇನ್ರಿ?"

ಎದುರಿಗೆ ಗಿರಾಕಿಗಳು ನಿಂತಿದ್ದರು. "ನಾನ್ಯಾಕೆ ಹಾಕ್ಲಿ ಸಾಬ್ರೇ? ನಿಮ್ಮನ್ನ ಬಿಟ್ಟು ಅದನ್ನ ಯಾರೂ ಮುಟ್ಟಿಲ್ಲ" ಎಂದೆ.

ಅವರು ಗಿರಾಕಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಂಗಾದ್ರ ನಂದೇ ತಪ್ಪಿರಬೇಕು ಬಿಡ್ರಿ" ಎಂದರು. ಪೆಟ್ಟಿಗೆಯಿಂದ ಹೊಸ ಜೆಟ್ ತೆಗೆದು ಕೂರಿಸಿ, ಸೋಪಿನ ನೊರೆ ಹಚ್ಚಿ ಗ್ಯಾಸು ಸೋರುತ್ತಿಲ್ಲವೆಂದು ನೋಡಿಕೊಂಡು, ಉರಿ ನೀಲಿಯಾದ ಮೇಲೆಯೇ ಎದ್ದರು. ಆ ಹಳೆಯ ಜೆಟ್ಟನ್ನು ನಾಲ್ಕು ಜನರಿಗೆ ತೋರಿಸಿದ್ದರೆ ಅವರ ಮಾನ ಉಳಿಯುತ್ತಿತ್ತು. ಅದನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ನಾನು ಚರಂಡಿಗೆ ಎಸೆದೆ.

ಅಲ್ಲಿಂದಾಚೆ ಈ ಕಡೆಯವರು ಯಾರೂ ಅವರನ್ನು ಕರೆಯಲಿಲ್ಲ. ಮುಖ ಕೊಡಲಾಗದೆ ನಾನೂ ಕರೆಯಲಿಲ್ಲ. ಬೇಕರಿ ಬಿಟ್ಟುಕೊಟ್ಟು ಎಷ್ಟೋ ವರ್ಷಗಳಾದ ಮೇಲೆ ಧೈರ್ಯ ಮಾಡಿ ಶಿಕಾರಿಪುರಕ್ಕೆ ಹೋದೆ. ಮನೆಯ ಜಗುಲಿಯಲ್ಲಿ ಕುಳಿತು ಪಕ್ಕದ ಮನೆಯವರ ಒಲೆ ಉಜ್ಜುತ್ತಿದ್ದರು. ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿಲ್ಲ, ಒಳಗಿನಿಂದ ಚಹಾ ತರಿಸಿಕೊಟ್ಟರು.

"ಇದನ್ನ ನನಗ್ಯಾಕ ಹೇಳ್ತೀರಿ ಸಾವ್ಕಾರ್ರೇ? ನನಗ ಅವತ್ತೇ ಗೊತ್ತಿತ್ತಲ್ರೀ. ಗೊತ್ತಿಲ್ದೋರಿಗೆ ಹೇಳ್ರಿ."

ಹೂಂ ಎಂದು ಬಂದೆ. ಹೇಳಲಿಲ್ಲ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಮಣ್ಣಿಗೆ ಹೋಗಿ ಬಂದ ಮರುದಿನವೇ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಈಗ ಅಲ್ಲಿ ಗಲ್ಲಾದ ಮೇಲೆ ಕೂರುವವನು ಆಗಿನ ಮಾಲೀಕನ ಮಗ. ಅವನ ಮುಂದೆ ಎಲ್ಲ ಹೇಳಿದೆ.

"ಒಲೆ ಸಾಬ್ರಾ? ಅವರ ಕೆಲಸ ಸರಿ ಇರ್ಲಿಲ್ಲ ಅಂತ ಅಪ್ಪ ಹೇಳ್ತಿದ್ರಲ್ಲ" ಎಂದ.

"ಅಲ್ಲ ಮಾರಾಯ, ಸೂಜಿ ಹಾಕಿದ್ದು ನಾನು."

"ಹೋಗ್ಲಿ ಬಿಡಿ ಅಜ್ಜ. ಸತ್ತೋರಿಗೆ ಕೆಟ್ಟ ಹೆಸರು ಬೇಡ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ. ನಿಮ್ದು ದೊಡ್ಡ ಮನಸ್ಸು. ಟೀ ಕುಡೀರಿ."

ಟೀ ಮುಟ್ಟದೆ ಎದ್ದು ಬಂದೆ. ನನ್ನ ಸುಳ್ಳನ್ನು ನಿಂತ ನಿಲುವಿನಲ್ಲೇ ನಂಬಿದ ಊರಿಗೆ ನನ್ನ ನಿಜ ಈಗ ದೊಡ್ಡತನವಾಗಿ ಕಾಣುತ್ತಿದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಒಲೆ ಸಾಬರ ಕೆಲಸದಲ್ಲಿ ಕುಂದಿರಲಿಲ್ಲ.