ಗಿರಣಿ ನಿಲ್ಲಿಸಿದ ವೈನಿ

ಎರಡೂ ಮೊಣಕೈಗಳನ್ನು ಮೈಯಿಂದ ದೂರ ಹಿಡಿದು, ಸೀರೆಯ ನಿರಿಗೆಯನ್ನು ಒಂದು ಗೇಣು ಮೇಲೆತ್ತಿ, ಗೋಡೆ, ಸೈಕಲ್ಲು, ಮಕ್ಕಳು, ಆಡು ಯಾವುದೂ ತಾಗದಂತೆ ಓರೆಯಾಗಿ ನಡೆಯುವರು ವೈನಿ. ಒದ್ದೆ ಮಡಿಸೀರೆಯಿಂದ ನೀರು ತೊಟ್ಟಿಕ್ಕಿ, ಅವರು ಹೋದ ದಾರಿ ಹಾಸುಗಲ್ಲಿನ ಮೇಲೆ ಕಾಣುತ್ತಿತ್ತು. ಅವರ ಗಂಡ ಮಠದ ಪೂಜೆಗೆ ಹೋಗುವವರು. ಆದರೆ ಮಡಿಯಲ್ಲಿ ಅವರಿಗಿಂತ ಇವರೇ ಒಂದು ಕೈ ಮೇಲು. ವೈನಿ ಎಂದರೆ ಅತ್ತಿಗೆ; ಆದರೆ ನಮ್ಮಪ್ಪನಿಗೂ ಅವರು ವೈನಿ, ನನಗೂ ವೈನಿ, ಸೇಡಂನ ನಮ್ಮ ಓಣಿಗೆಲ್ಲ ವೈನಿ. ನನಗೆ ಉಪ್ಪಿನಕಾಯಿ ಕೊಟ್ಟರೂ ಮೇಲಿಂದಲೇ ಅಂಗೈಗೆ ಬೀಳಿಸುವರು. ಒಮ್ಮೆ ಹೋಳು ಗುರಿ ತಪ್ಪಿ ನನ್ನ ಲಂಗದ ಮೇಲೆ ಬಿದ್ದಾಗ, "ಕೈ ನೆಟ್ಟಗ ಹಿಡೀಬಾರದೇನ?" ಎಂದು ನನಗೇ ಬೈದರು.

ಓಣಿಯಲ್ಲಿ ಅವರು ಮಾತು ಬಿಟ್ಟದ್ದು ಒಬ್ಬರ ಜೊತೆ ಮಾತ್ರ, ನಮ್ಮ ಎದುರುಮನೆಯ ಗಿರಣಿ ಕಾಕಾನ ಜೊತೆ. ಮಾಳಿಗೆಯ ಮೇಲೆ ಒಣಹಾಕಿದ ಮಡಿಸೀರೆಗೆ ಅವನ ಗಿರಣಿಯ ಹಿಟ್ಟಿನ ಧೂಳು ಕೂತಿತೆಂದು ಜಗಳ. "ಇನ್ನ ನಿಮ್ಮ ಗಿರಣಿ ಕಟ್ಟಿ ಹತ್ತಿದ್ರ ಕೇಳ್ರಿ" ಎಂದು ಆಣೆಯಿಟ್ಟು ಬಂದವರು, ಆಮೇಲೆ ವರ್ಷಗಟ್ಟಲೆ ಜೋಳವನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಗಿರಣಿಗೆ ಹೊರಿಸಿ ಕಳಿಸಿದರು.

ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೋತದ್ದು. ಕಂಪ್ಯೂಟರ್ ಕಲಿತಿದ್ದೆ, ಆದರೆ ಕಲಬುರಗಿಯ ಬಸ್ಸು ದಿನಾ ಹತ್ತಿ ಇಳಿಯುವುದು ನನ್ನಿಂದಾಗದ ಮಾತು. ಅಣ್ಣ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದುಕೊಟ್ಟ. ಅದೇ ಹೊತ್ತಿಗೆ ಒಂದು ಮುದ್ರಣಾಲಯದವರು ಮನೆಯಲ್ಲೇ ಕೂತು ಪುಸ್ತಕ ಟೈಪ್ ಮಾಡುವ ಕೆಲಸ ಕೊಡಲು ಒಪ್ಪಿದರು. ಕಡಲೆ ಸಿಕ್ಕಿತು, ಹಲ್ಲಿರಲಿಲ್ಲ. ಅವರ ಪೆನ್‌ಡ್ರೈವನ್ನು ನನ್ನ ಯಂತ್ರ ಗುರುತೇ ಹಿಡಿಯಲಿಲ್ಲ, ಅವರ ಕನ್ನಡ ತಂತ್ರಾಂಶವೂ ಅದರಲ್ಲಿ ಕೂರಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಲೇಬೇಕಿತ್ತು. ಸೋಮವಾರದೊಳಗೆ ತಯಾರಾಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಮುದ್ರಣಾಲಯದವರು ಹೇಳಿದ್ದರು.

ಶನಿವಾರ ಬೆಳಿಗ್ಗೆ ಹೊಸ ಸಿಸ್ಟಂನ ಸೀಡಿ ಹಾಕಿ ಕೂತೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಕರೆಂಟು ಹೋದರೆ ಅದೂ ಹೋದಂತೆ. ಕೆಲಸ ಅರ್ಧವಾಗಿತ್ತು, ಎದುರಿಗೆ ಗಿರಣಿ ಶುರುವಾಯಿತು. ಬಲ್ಬು ಕೆಂಪಾಯಿತು, ಕಂಬದ ಫ್ಯೂಜ್ ಹಾರಿತು. ಕರೆಂಟು ಮರಳಿ ಬಂದಾಗ ಕಪ್ಪು ಪರದೆಯ ಮೇಲೆ ಒಂದೇ ಸಾಲು ಇಂಗ್ಲಿಷು. ಹಳೆಯದು ಅಳಿಸಿಹೋಗಿತ್ತು, ಹೊಸದು ಬಂದಿರಲಿಲ್ಲ. ನಮ್ಮ ಕಡೆ ಆಗ ಕರೆಂಟು ಇರುತ್ತಿದ್ದದ್ದೇ ಮಧ್ಯಾಹ್ನದವರೆಗೆ. ಗಿರಣಿ ನಡೆಯುತ್ತಿದ್ದದ್ದೂ ಆಗಲೇ. ಉಳಿದದ್ದು ಭಾನುವಾರ ಒಂದೇ, ಗಿರಣಿಗೆ ಎಲ್ಲಕ್ಕಿಂತ ಹೆಚ್ಚು ಮಂದಿ ಬರುವ ದಿನ. ಕೂತಲ್ಲೇ ಅತ್ತುಬಿಟ್ಟೆ.

ಕಿಟಕಿಯ ಹೊರಗೆ ವೈನಿ ನಿಂತಿದ್ದರು. "ಯಾಕ, ಅಳಲಿಕತ್ತೀ?" ಎಂದರು. ಎಲ್ಲ ಹೇಳಿದೆ. ಸೀಡಿ, ಸಿಸ್ಟಂ ಯಾವುದೂ ಅವರ ತಲೆಗೆ ಹೋದಂತೆ ಕಾಣಲಿಲ್ಲ.

"ಅಂದ್ರ ಗಿರಣಿ ನಿಂತ್ರ ನಿನ್ನ ಕೆಲಸ ಆಗ್ತದ. ಹೌದಿಲ್ಲೋ?"

"ಹೌದ್ರಿ ವೈನಿ. ಆದ್ರ ಐತವಾರ ಯಾರ ನಿಲ್ಲಸ್ತಾರ?"

ವೈನಿ ಎದುರಿನ ಗಿರಣಿಯ ಕಡೆ ಒಮ್ಮೆ ನೋಡಿ, ನಿರಿಗೆ ಎತ್ತಿಕೊಂಡು ಹೋದರು.

ಮರುದಿನ ದ್ವಾದಶಿ. ಹಿಂದಿನ ದಿನ ನೀರೂ ಮುಟ್ಟದೆ ಏಕಾದಶಿ ಮಾಡಿದವರು ದ್ವಾದಶಿಯ ಬೆಳಗ್ಗೆ ಬೇಗನೆ ಪಾರಣೆಯ ಊಟಕ್ಕೆ ಕೂರುವರು; ಅದು ವೈನಿ ಎಂದೂ ತಪ್ಪಿಸದ ನೇಮ. ನಾನು ದೇವರ ಮೇಲೆ ಭಾರ ಹಾಕಿ ಸೀಡಿ ತೂರಿಸಿ ಕಿಟಕಿಯಿಂದ ನೋಡುತ್ತೇನೆ, ವೈನಿ ಗಿರಣಿಯ ಕಟ್ಟೆ ಹತ್ತುತ್ತಿದ್ದಾರೆ! ಕಾಕಾ ಬಾಯಿ ತೆರೆದು ನಿಂತಿದ್ದ.

"ಕಾಕಾ, ಆ ಹುಡುಗೀ ಕೆಲಸ ಮುಗಿಯೂ ತನಕ ಗಿರಣಿ ಹಚ್ಚಬ್ಯಾಡ್ರಿ."

"ಐತವಾರ ಅದರಿ ಅಮ್ಮಾರ. ಬಂದ ಮಂದಿಗಿ ಏನಂತ ಹೇಳ್ಲಿ?"

"ನೀವೇನೂ ಹೇಳಬ್ಯಾಡ್ರಿ. ನಾ ಹೇಳ್ತೀನಿ" ಎಂದವರೇ ಹಿಟ್ಟು ಮೆತ್ತಿದ ಕಟ್ಟೆಯ ಮೇಲೆ ಕೂತುಬಿಟ್ಟರು.

ಬುಟ್ಟಿ ಹೊತ್ತು ಬಂದವರಿಗೆಲ್ಲ ಒಂದೇ ಮಾತು: "ಆ ಹುಡುಗಿ ಮಿಷನ್ಯಾಗ ನೌಕರಿ ಕೂಡಿಸ್ಲಿಕತ್ತಾಳ. ಗದ್ದಲ ಮಾಡಬ್ಯಾಡ್ರಿ." ಗದ್ದಲಕ್ಕೂ ನನ್ನ ಕೆಲಸಕ್ಕೂ ಸಂಬಂಧವಿಲ್ಲ, ಆದರೂ ಓಣಿಗೆ ಓಣಿಯೇ ಪಿಸುಮಾತಿಗೆ ಇಳಿಯಿತು. ಒಬ್ಬಾಕೆ ಮಾತ್ರ ಕೇಳಲಿಲ್ಲ. "ಮನ್ಯಾಗ ಹಿಡಿ ಹಿಟ್ಟಿಲ್ಲರಿ. ರೊಟ್ಟಿ ಹ್ಯಾಂಗ ಬಡೀಲಿ?" ಎಂದು ಜೋರು ಮಾಡಿದಳು.

"ನಮ್ಮ ಡಬ್ಬಿಯೊಳಗ ಅದ. ಹೋಗಿ ತೊಗೋ."

"ನಿಮ್ಮ ಅಡಗಿಮನಿಗಿ? ನಾ?"

"ನಾನೇ ಹೇಳ್ಲಿಕತ್ತೀನಲ್ಲ, ಹೋಗು."

ಸ್ವಂತ ಸೊಸೆಯೂ ಸ್ನಾನ ಮಾಡದೆ ಹೊಸ್ತಿಲು ದಾಟದ ಅಡುಗೆಮನೆ ಅದು. ಆಕೆ ಹೋದಳು, ಹಿಟ್ಟು ತಂದಳು. ವೈನಿ ಆ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ತಡೆಯಲಿಲ್ಲ, ಕಿಟಕಿಯಿಂದ ಕೂಗಿದೆ: "ವೈನಿ, ಪಾರಣಿ ಆತೇನ್ರಿ?"

"ಒಂದ ಉದ್ಧರಣಿ ತೀರ್ಥ ತೊಗೊಂಡು ಬಂದೀನಿ. ದೇವರಿಗೆ ತಿಳೀತದ. ನೀ ಮೊದಲ ನಿನ್ನ ಮಿಷನ್ ನೋಡು."

ಬಿಸಿಲು ಏರಿತು. ಕೊನೆಗೂ ಹೊಸ ಪರದೆ ತೆರೆದುಕೊಂಡು ನನ್ನ ಹೆಸರು ಕೇಳಿತು. ಕೋಲು ಊರಿಕೊಂಡು ಗಿರಣಿಗೆ ಹೋದೆ. ನನ್ನ ಮುಖ ನೋಡಿಯೇ ವೈನಿಗೆ ತಿಳಿಯಿತು. "ಹಚ್ಚರಿ ಕಾಕಾ ಇನ್ನ" ಎಂದು ಎದ್ದರು.

"ಅಮ್ಮಾರ, ಸೀರಿಗಿ ಹಿಟ್ಟು ಹತ್ತ್ಯಾದ್ರಿ" ಎಂದ ಕಾಕಾ, ಹೆದರಿಕೊಂಡೇ.

"ಹತ್ತಲಿ ಬಿಡ್ರಿ. ನೀರಿಗೇನು ಬರ ಬಂದದೇನು?"

ಕಾದು ನಿಂತವರೆಲ್ಲ ನಕ್ಕರು, ಕಾಕಾನೂ ನಕ್ಕ.

ಸೋಮವಾರ ಪೆನ್‌ಡ್ರೈವ್ ಬಂತು. ಆ ಪುಸ್ತಕದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಣ್ಣನ ಮನೆಯಲ್ಲಿ ನಾನು ಯಾರ ಹಂಗೂ ಇಲ್ಲದೆ ತಲೆಯೆತ್ತಿ ಉಂಡದ್ದು ಆ ಕೆಲಸದಿಂದ. ಇವತ್ತಿಗೂ ನನ್ನ ಅನ್ನ ಅದೇ. ಥ್ಯಾಂಕ್ಸ್ ಹೇಳಲು ಹೋದಾಗಲೆಲ್ಲ ವೈನಿ, "ನಾ ಏನ ಮಾಡೀನಿ? ಸುಮ್ನ ಕುಂತಿದ್ದೆ" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ವೈನಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಕಾರ್ಡು ಟೈಪ್ ಮಾಡಿಸಲು ಅವರ ಮಗ ನನ್ನ ಹತ್ತಿರವೇ ಬಂದ. ಸಾಲು ಸಾಲಾಗಿ ಹೊಡೆಯುತ್ತ ಹೋದ ನನ್ನ ಬೆರಳು ಒಂದು ಕಡೆ ನಿಂತಿತು. "ವೈನಿ ಹೆಸರು ಏನ್ರಿ?" ಎಂದು ಕೇಳಿದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ, ಹೇಳಿದ. ಸಣ್ಣ ಹೆಸರು. ತಪ್ಪಿಲ್ಲದೆ ಟೈಪ್ ಮಾಡುತ್ತೇನೆಂಬುದು ನನ್ನ ಹೆಮ್ಮೆ. ಅವತ್ತು ಆ ಹೆಸರನ್ನು ಮತ್ತೆ ಮತ್ತೆ ಅಳಿಸಿ ಹೊಡೆಯಬೇಕಾಯಿತು. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ.